ಹದಿನೇಳನೆಯ ತಿಂಗಳು

ದಾವಣಗೆರೆಯ ಭಟ್ಟಿ ಸಾಲಿನಲ್ಲಿ
ಬೆಳಗಿನ ನಾಲ್ಕಕ್ಕೇ ಮರಳು ಕಾಯುತ್ತದೆ.
ಭತ್ತದ ಹೊಟ್ಟುರಿದ ಹೊಗೆಗೆ
ನನ್ನ ಕಿಟಕಿಯ ಬಿಳಿ ಪರದೆ ಬೂದಿಯಾಗಿ ವರ್ಷವಾಯಿತು.
ಆ ಹೊತ್ತಿಗೇ ಎದ್ದು ನಾನು
ಯಾರು ಯಾರಿಗೆ ಯಾಕೆ ಕೊಡುತ್ತಾರೆಂದು
ಸಮೀಕರಣ ಬರೆಯುತ್ತಿರುತ್ತೇನೆ.

ಒಡಹುಟ್ಟಿದ ತಂಗಿಗೆ ಅರ್ಧ, ತಂಗಿಯ ಮಗನಿಗೆ ಕಾಲು,
ಚಿಕ್ಕಪ್ಪನ ಮಗಳಿಗೆ ಎಂಟರಲ್ಲೊಂದು.
ರಕ್ತ ತೆಳುವಾದಷ್ಟೂ ಕೈ ಬಿಗಿ.
ಪಕ್ಕದ ಭಟ್ಟಿಯವಳಿಗೆ
ಸೊನ್ನೆ.

ಖೈರುನ್ನೀಸಾ ಚೀಟಿ ಪುಸ್ತಕ ತಂದಳು, ಕೂಡಿಸಿ ಕೊಡಲು.
ಇಪ್ಪತ್ತು ಹೆಂಗಸರು, ಇಪ್ಪತ್ತು ತಿಂಗಳು, ತಲೆಗೆ ಐನೂರು.
ಮೂರನೇ ತಿಂಗಳೇ ಹತ್ತು ಸಾವಿರ ಎತ್ತಿದ ಹೊನ್ನೂರವ್ವ
ಹದಿನೇಳರಲ್ಲೂ ಕಟ್ಟಿದ್ದಾಳೆ!
ನನ್ನ ಸೂತ್ರದ ಪ್ರಕಾರ
ಅವಳು ನಾಲ್ಕನೇ ತಿಂಗಳ ಒಂದನೇ ತಾರೀಖಿಗೆ
ಹರಿಹರದಾಚೆ ಎಲ್ಲೋ ಬಸ್ಸಿನಲ್ಲಿರಬೇಕು.
ಕೊನೆಯ ತಿಂಗಳು ಯಾಕೆ ಕಟ್ಟಬೇಕು?
ಕಟ್ಟದಿದ್ದರೆ, ಅದರ ಹಿಂದಿನ ತಿಂಗಳು ಯಾಕೆ?
ತುದಿ ಸಿಕ್ಕ ಸ್ವೆಟರಿನ ಹಾಗೆ ಬಿಚ್ಚುತ್ತಾ ಬಂದರೆ
ಚೀಟಿ ಶುರುವೇ ಆಗುವುದಿಲ್ಲ.

ಹೇಳಿದೆ. ನಕ್ಕಳು.
"ಕೊನೇದು ಎಲ್ಲೈತ್ರೀ ಮೇಡಂ?
ಇಪ್ಪತ್ತು ಮುಗಿದ್ರೆ ಮತ್ತೆ ಒಂದು."

"ಯಾರಾದರೂ ತಪ್ಪಿಸಿದರೆ?"

"ಬಾಯಿ ಮಾಡ್ತೀನಿ.
ಮತ್ತೆ ತಪ್ಪಿಸಿದ್ರೆ ಅವಳ ಬಾಗಲಾಗೆ ಹೋಗಿ ಕೂಡ್ತೀನಿ.
ಮೂರರಾಗೆ ಒಂದು ಸಲ ಸುಮ್ನೆ ಬಿಡ್ತೀನಿ."

"ಯಾವ ಸಲ?"

"ಹೇಳಿದ್ರೆ ಎಲ್ಲಾರೂ ಅದೇ ಸಲ ತಪ್ಪಿಸ್ತಾರಲ್ರೀ!"

ಮೂರರಲ್ಲೊಂದು.
ಈ ಅಂಕಿಗಾಗಿ ನನ್ನ ಹಳೇ ಕಂಪ್ಯೂಟರು
ಎರಡು ವಾರ ಬಿಸಿಯಾಗಿ
ಲಕ್ಷ ತಲೆಮಾರುಗಳನ್ನು ಆಡಿಸಿತ್ತು.
ಏಟಿಗೆ ಏಟು ಎಂದವರು
ಒಂದೇ ಒಂದು ಕೈತಪ್ಪಿಗೆ ಕೊನೆತನಕ ಕಚ್ಚಾಡಿದರು,
ಸದಾ ಕ್ಷಮಿಸಿದವರನ್ನು ಕಳ್ಳರು ತಿಂದು ತೇಗಿದರು.
ಉಳಿದವರು, ಆಗಾಗ ಮರೆತವರು,
ಯಾವಾಗ ಮರೆಯುತ್ತಾರೆಂದು ಯಾರಿಗೂ ಹೇಳದವರು.

ಖೈರುನ್ನೀಸಾ ಐದನೇ ಕ್ಲಾಸಿಗೆ ಬಿಟ್ಟವಳು.

ಪುಸ್ತಕ ಮತ್ತೆ ತಿರುವಿದೆ.
ಹನ್ನೊಂದನೇ ತಿಂಗಳು, ಹೊನ್ನೂರವ್ವನ ಮನೆಯಲ್ಲಿ
ಐನೂರು ಎಂದಿಲ್ಲ.
ಇಪ್ಪತ್ತು, ನಲವತ್ತು, ಹತ್ತು, ಮತ್ತೆ ಇಪ್ಪತ್ತು:
ಬೇರೆ ಬೇರೆ ಶಾಯಿ, ಸೊಟ್ಟ ಅಂಕಿಗಳು,
ಒಂದು ಐವತ್ತರ ಸೊನ್ನೆ ಗೆರೆ ದಾಟಿ
ಪಕ್ಕದವಳ ಮನೆಗೆ ಉರುಳಿದೆ.
"ಆ ತಿಂಗಳು ಕಾದ ಮರಳು ಚೆಲ್ಲಿ ಕೈ ಸುಟ್ಟಿತ್ತು ಅವಳ್ದು,"
ಎಂದಳು, ಬೇರೆ ಏನೂ ಹೇಳಲಿಲ್ಲ.

ನಾಲ್ಕು ಸಲ ಕೂಡಿಸಿದೆ.
ನಾನೂರ ತೊಂಬತ್ತು.
"ಹತ್ತು ಕಡಿಮೆ."
"ಹೂಂ," ಎಂದಳು, ಪುಸ್ತಕ ಕಸಿದು ಸೆರಗಿನಡಿ ಇಟ್ಟುಕೊಂಡು.
"ಅದು ಯಾವಾಗ್ಲೂ ಕಡಿಮೇನೇ ಬರ್ತೈತಿ."

ಆಚೆ ಬಾಂಡಲಿಯಲ್ಲಿ
ಒಂದು ಕಾಳು ಚಟ್ ಎಂದಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.
ನಾನು ಎಣಿಸತೊಡಗಿದೆ. ಏಳಕ್ಕೋ ಎಂಟಕ್ಕೋ
ಲೆಕ್ಕ ತಪ್ಪಿತು,
ಮರಳು ತುಂಬ ಬೆಳ್ಳಗೆ ಅರಳಿ.