ಎಷ್ಟು?

ಕುಲ್ಯಾಶ್ ಅಪಾ ಕುರ್ಚಿಗೆ ಒರಗಲಿಲ್ಲ.
ಅಂಚಿನಲ್ಲಿ ಕೂತಳು, ಬಸ್ಸು ಈಗಲೋ ಆಗಲೋ ಎಂಬಂತೆ,
ಚೀಲ ತೊಡೆಯ ಮೇಲೆ.
ಕೆಳದವಡೆ, ಎಡಗಡೆ, ಹಿಂದಿನಿಂದ ಎರಡನೆಯದು
ಮೂರು ರಾತ್ರಿ ನಿದ್ದೆ ಕೊಟ್ಟಿಲ್ಲ.
ಆ ಮಾತು ಎತ್ತಲೇ ಇಲ್ಲ. ನನ್ನ ಯಂತ್ರ ನೋಡಿ ಕೇಳಿದಳು:
'ಎಷ್ಟು?'

ದುಡ್ಡು ಎಂದುಕೊಂಡೆ.
ಸೆಮೆಯ್‌ನಲ್ಲೇ ಹುಟ್ಟಿ ಬೆಳೆದವಳು ನಾನು,
ತಿಳಿಯಬೇಕಿತ್ತು.

ಹೊಸದು ಅಪಾ, ಎಂದೆ.
ಫಿಲ್ಮಿಲ್ಲ, ತೊಳೆಯುವ ಕತ್ತಲಕೋಣೆಯಿಲ್ಲ,
ಅಂಚೆಚೀಟಿಯಷ್ಟು ಸೆನ್ಸರ್.
ಕಿರಣದ ಕೊಳವೆಗೆ ಈಗ ಚೌಕ ಮೂತಿ,
ನೋಯುವ ಹಲ್ಲು ದಾಟಿ ಹೆಚ್ಚು ಹರಡುವುದಿಲ್ಲ.
ಈ ಬಯಲಿನ ಮಣ್ಣು, ಮೇಲಿನ ಆಕಾಶ
ಕೇಳದೆಯೇ ಕೊಡುತ್ತವಲ್ಲ ದಿನಾ,
ಹೆಚ್ಚುಕಡಿಮೆ ಅದರ ಒಂದು ದಿನದ ಪಾಲು.

'ಅಂದು ಯಾರೂ ಲೆಕ್ಕ ಹೇಳಲಿಲ್ಲ.'

ಏಳು ವರ್ಷ ಆಗ. ಸಿಪಾಯಿ ಕದ ತಟ್ಟಿದ:
ಹೊರಗೆ ಬನ್ನಿ, ಹಳ್ಳದಲ್ಲಿ ಬೋರಲು ಮಲಗಿ.
ಅಜ್ಜಿ ಉಣ್ಣೆಯ ಜಮಖಾನ ಹೊದಿಸಿದಳು.
ನೋಡಬೇಡಿ ಎಂದಿದ್ದರು,
ಅದಕ್ಕೇ ಸಂದಿಯಿಂದ ನೋಡಿದೆ.
ಆಮೇಲೆ ಎದ್ದು ಮೈ ಕೊಡವಿಕೊಂಡೆವು.
ಹಾಲು ಕರೆದೆವು. ಕುಡಿದೆವು.
ಬೆಳ್ಳಗೇ ಇತ್ತು.

ಸೀಸದ ಮೇಲಂಗಿ ಬೇಕೆಂದಳು.
ಹೊಸ ನಿಯಮ ಬೇಡವೆನ್ನುತ್ತದೆ:
ಚದುರುವುದೇ ಅಷ್ಟು ಕಡಿಮೆ,
ಅಂಗಿಯೇ ಅಡ್ಡ ಬಂದರೆ ಮತ್ತೊಂದು ತೆಗೆಯಬೇಕಾದೀತು.
ನನಗಿದೆಲ್ಲ ಬಾಯಿಪಾಠ.
ಬೀರುವಿನ ತಳದಿಂದ ತಂದೆ,
ನೀಲಿಯದು, ಅಂಚು ಸವೆದದ್ದು. ಹೊದಿಸಿದೆ.
ಆ ಭಾರಕ್ಕೆ ಅವಳ ಹೆಗಲು ಇಳಿಯಿತು,
ಬೆನ್ನು ಕುರ್ಚಿಗೆ ತಾಗಿತು.

ಗೋಡೆಯಾಚೆ ನಿಂತು ಗುಂಡಿ ಒತ್ತಿದೆ.
'ಆಯ್ತಾ?'
ಆಯ್ತು.
'ಬೆಳಕೇ ಬರಲಿಲ್ಲ.'

ತೆರೆಯ ಮೇಲೆ ಬೂದು ಹಲ್ಲು, ಬೇರಿನುದ್ದ ಕೂದಲೆಳೆಯ ಸೀಳು.
ಉಳಿಯದು, ಎಂದರು ಡಾಕ್ಟರ್ ತೊಲೆಗೆನ್. ಕಿತ್ತರು.

ಬಟ್ಟಲಲ್ಲಿತ್ತು ಅದು, ಚಹಾ ಬಣ್ಣ, ಬೇರಿಗೆ ರಕ್ತ.
ಅಲ್ಮಾಟಿಯ ಪ್ರಯೋಗಾಲಯಕ್ಕೆ ಹಳೆಯ ಹಳ್ಳಿಗಳ ಹಲ್ಲು ಬೇಕು, ಎಂದೆ.
ಮೈಗೆ ಬಿದ್ದದ್ದನ್ನು ಎನಾಮಲ್ ಮರೆಯುವುದಿಲ್ಲವಂತೆ.
ಕಡತಗಳು ಬಾಯಿಬಿಡದ್ದನ್ನು
ಹಲ್ಲು ಬಾಯಿಬಿಡುತ್ತದಂತೆ.

ಹತ್ತಿ ಕಚ್ಚಿಕೊಂಡೇ ನಕ್ಕಳೋ ಏನೋ.
ಕಾಗದಕ್ಕೆ ಸಹಿ ಹಾಕಿದಳು, ನಿಧಾನ, ಶಾಲೆಯ ದುಂಡಕ್ಷರ.
ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು,
ಊದಿದ ಕೆನ್ನೆಯಿಂದ:

'ಎಷ್ಟು ಅಂತ ಬಂದರೆ ಬರೆದು ತಿಳಿಸು ಮಗಳೇ.
ಇವತ್ತಿನ ನಿನ್ನದನ್ನು
ಕಳೆದು.'