ಬಾಲಕ್ಕೆ ನಾಲ್ಕು ಕಾಲು

ಮಿಹ್ಕೆಲನ ಹಬ್ಬದ ದಿನ ಬೆಳಗಿನ ಜಾವ ಎದ್ದು
ಶಾಲೆಯ ಅಡುಗೆಮನೆಯಲ್ಲಿ ಹಿಟ್ಟು ನಾದುವವಳು ನಾನು,
ಇಪ್ಪತ್ತೆರಡು ವರ್ಷದಿಂದ.
ಉಬ್ಬಿದ್ದನ್ನು ಎಳೆದು, ಹೊಸೆದು, ಸುರುಳಿ ಸುತ್ತಿ
ಟ್ರೇ ತುಂಬ ಒಂದು ಘಟಸರ್ಪ.
ಹಲ್ಲಿಗೆ ಬಾದಾಮಿ, ಬೆನ್ನ ಹುರುಪೆಗೆ ಕುಂಬಳಬೀಜ,
ಕಣ್ಣಿಗೆರಡು ಒಣದ್ರಾಕ್ಷಿ.
ಈ ಸಲ ಒಂದು ಕಣ್ಣು ಒಲೆಯಲ್ಲೇ ಉದುರಿ
ಒಕ್ಕಣ್ಣನಾಗಿ ಹೊರಬಂತು.
ಇರಲಿ, ಸಾಯುವುದಕ್ಕೆ ಒಂದು ಕಣ್ಣು ಸಾಕು, ಅಂದುಕೊಂಡೆ.

ಹೊರಗೆ ಹೀಯುಮಾ ದ್ವೀಪದ ಉಪ್ಪುಗಾಳಿ.
ಕ್ರೌಂಚಗಳು ಕೂಗುತ್ತ ಕಡಲು ದಾಟುವ ಕಾಲ.
ಮಿಹ್ಕೆಲ ಬಂದ ಮೇಲೆ, ನನ್ನಜ್ಜಿ ಹೇಳುತ್ತಿದ್ದಳು,
ಗೆಡ್ಡೆಯೊಂದೂ ಮಣ್ಣಿನಲ್ಲಿ ಉಳಿಯಬಾರದು,
ಮಾತೊಂದೂ ಹೊಟ್ಟೆಯಲ್ಲಿ ಉಳಿಯಬಾರದು.

ಶಾಲೆಯ ಹಿಂದಿನ ಹುಲ್ಲಿನ ಮೇಲೆ
ಇನ್ನೊಂದು ಘಟಸರ್ಪ: ದೋಣಿಯ ಹಳೇ ಟಾರ್ಪಾಲು,
ಒಳಗೆ ನಾಲ್ಕನೇ ಕ್ಲಾಸಿನ ಏಳು ಜನ.
ತಲೆಗೆ ಜಗಳವಾಗಿ ಚೀಟಿ ಎತ್ತಿದ್ದರು.
ಬಾಲ ಮಾತ್ರ ಕೇಳುವವರಿಲ್ಲದೆ ತಾವೆತ್‌ನ ಪಾಲಾಯಿತು.
ಕತ್ತಿ ಕೊಟ್ಟರೂ ಒಲ್ಲೆನೆಂದವನು,
ಹಾಜರಿ ಕೂಗಿದರೆ ತಡವಾಗಿ ಓಗೊಡುವವನು,
ಊಟದ ಸಾಲಿನಲ್ಲಿ ಎಲ್ಲರಿಗೂ ದಾರಿ ಬಿಟ್ಟು
ತಳ ಕೆರೆದ ಗಂಜಿ ತಿನ್ನುವವನು.

ಮರೆಟ್ ಟೀಚರ್ ಡೋಲು ಬಡಿದರು
ಎದೆಗೂಡು ಅದುರುವ ಹಾಗೆ. ಅದು ಬಡಿಯಬೇಕಾದದ್ದೇ ಹಾಗೆ.
ಒಂದನೇ ಕ್ಲಾಸಿನ ಸಾಲಿನಲ್ಲಿ ಒಂದು ಜಾಗ ಖಾಲಿಯಾದದ್ದು
ಯಾರೂ ನೋಡಲಿಲ್ಲ.
ನಾನೂ ನೋಡಲಿಲ್ಲ, ಸುಳ್ಳೇಕೆ ಹೇಳಲಿ.

ಎಂಟನೇ ಕ್ಲಾಸಿನ ಕಾರೆಲ್ ಬಂದ,
ಅಮ್ಮನ ಬಿಳಿ ಪರದೆ ಹೊದ್ದು, ರಟ್ಟಿನ ಗುರಾಣಿ ಹಿಡಿದು, ಎಂಟೆದೆಯ ಬಂಟ.
ಮರದ ಕತ್ತಿ ತಾಗಿತು.
ತಲೆ ಬಿತ್ತು, ಕತ್ತು ಬಿತ್ತು,
ಹೊಟ್ಟೆ ಒಂದೊಂದೇ ಮಡಿಕೆಯಾಗಿ ಕುಸಿಯಿತು.
ಬಾಲ ಬೀಳಲಿಲ್ಲ.

ಮತ್ತೆ ಇರಿದ. ಗೂಟ ಬಡಿದಂತೆ ನಿಂತೇ ಇತ್ತು.
"ಸಾಯೋ, ತಾವೆತ್! ಸಾಯೋ!"
ಟಾರ್ಪಾಲಿನೊಳಗಿಂದ ಸತ್ತವರೇ ಕೂಗಿದರು.
ಅಪ್ಪಂದಿರು ಹೊಟ್ಟೆ ಹಿಡಿದು ನಕ್ಕರು,
ಅಮ್ಮಂದಿರು ಫೋನು ಎತ್ತಿ ಹಿಡಿದರು,
ನೋಡ್ರೋ, ಬಾಲ ಬಿಚ್ಚಿದ ಅಂದರು ಯಾರೋ.
ಬಿಸಿ ಟ್ರೇ ಹಿಡಿದು ಬಾಗಿಲಲ್ಲಿದ್ದ ನಾನೂ ನಕ್ಕೆ.
ನಗುತ್ತಲೇ ಕೆಳಗೆ ನೋಡಿದೆ.

ಬಾಲಕ್ಕೆ ನಾಲ್ಕು ಕಾಲು.

ಕೆಸರು ಮೆತ್ತಿದ ಎರಡು ದೊಡ್ಡ ಬೂಟು,
ಅಗಲಿಸಿ ನೆಟ್ಟದ್ದು;
ಅವುಗಳ ನಡುವೆ ಎರಡು ಪುಟ್ಟ ಕೆಂಪು ಬೂಟು,
ತುದಿಗೆ ತುದಿ ತಾಗಿಸಿಕೊಂಡು.

ಡೋಲಿಗೆ ಹೆದರಿ ಹುಡುಗಿ
ಘಟಸರ್ಪದ ಹೊಟ್ಟೆಯನ್ನೇ ಹೊಕ್ಕಿದ್ದಳು!
ಬಿದ್ದರೆ ಅವಳ ಮೇಲೇ ಬೀಳಬೇಕು.
ಬಾಯಿ ಬಿಟ್ಟರೆ ಊರೆಲ್ಲ ಅವಳ ಕಡೆ ತಿರುಗಬೇಕು.
ನಿಂತ.
ನಕ್ಕಷ್ಟೂ ಹೊತ್ತು ನಿಂತ.

ಸಾಕಾಯಿತು ಜನಕ್ಕೆ. ಬ್ರೆಡ್ಡಿನ ವಾಸನೆ ಹಿಡಿದು
ಬಾಗಿಲ ಕಡೆ ಬಂದರು.
ಆಗ ಟಾರ್ಪಾಲಿನ ಅಂಚು ಒಂದು ಗೇಣು ಎದ್ದಿತು.
ಕೆಂಪು ಬೂಟು ಹೊರಗೋಡಿ ತನ್ನ ಸಾಲು ಸೇರಿತು,
ಎಲ್ಲಿಗೂ ಹೋಗದವರಂತೆ.
ಆಮೇಲೆ ಬಾಲ ಮೆಲ್ಲಗೆ ಸತ್ತಿತು.
ಚಪ್ಪಾಳೆ ಮುಗಿದು ಬಹಳ ಹೊತ್ತಾಗಿತ್ತು.

ಕತ್ತಿ ಹಿಡಿದವನಿಗೆ ತಲೆ, ಅದು ವಾಡಿಕೆ.
ಸಾಲಿನ ಕೊನೆಯಲ್ಲಿ ಬಂದವನಿಗೆ
ಬಾಲದ ತುದಿ ಎತ್ತಿಟ್ಟಿದ್ದೆ.
ಒಲೆಯ ತಳದಲ್ಲಿ ಸಿಕ್ಕ ಆ ಕಣ್ಣನ್ನು
ಅದರಲ್ಲಿ ಹೆಬ್ಬೆರಳಿನಿಂದ ಒತ್ತಿದ್ದೆ.
"ಕರಕಲಾಗಿದೆ," ಅಂದ.
"ಹೌದು. ಗಟ್ಟಿ ಇದೆ."
ನನ್ನ ಮುಖ ನೋಡಿದ. ದ್ರಾಕ್ಷಿ ನೋಡಿದ.
ಕಿವಿ ಕೆಂಪಾಯಿತು. ಅರ್ಧ ಮುರಿದು ಜೇಬಿಗಿಟ್ಟ.

ಸಂಜೆ ಟ್ರೇ ತಿಕ್ಕುವಾಗ ಮರೆಟ್ ಕೇಳಿದರು,
ಆ ಹುಡುಗನಿಗೆ ಏನಾಗಿತ್ತಂತೆ ಇವತ್ತು?
ನಲ್ಲಿ ಜೋರಾಗಿ ತಿರುಗಿಸಿದೆ.

ಅಜ್ಜಿ, ಕ್ಷಮಿಸು.
ಮೂಲಂಗಿ, ಬೀಟ್‌ರೂಟು, ಆಲೂಗಡ್ಡೆ ಎಲ್ಲ ಕಿತ್ತಾಯಿತು.
ಒಂದು ಗೆಡ್ಡೆ ಮಾತ್ರ
ಮಣ್ಣಲ್ಲೇ ಬಿಟ್ಟಿದ್ದೇನೆ.