ಗಂಟು

ಲೇವಾರ್ಡನ್ನಿನ ಕ್ಲಿನಿಕ್ಕು. ಗಾಜಿನಾಚೆ
ನನ್ನ ಮಗಳು ಯಿಕ್ಕ, ಒಂಬತ್ತು ತುಂಬಿದವಳು,
ಪರದೆಯ ಕಾಲುವೆಯಲ್ಲಿ ದೋಣಿ ನಡೆಸುತ್ತಿದ್ದಾಳೆ.
ಸೇತುವೆ ಬಂದರೆ ತಗ್ಗು, ಬಾತು ಬಂದರೆ ಸರಿ,
ಮತ್ತೆ ಎರಡೆರಡು ನಿಮಿಷಕ್ಕೊಮ್ಮೆ, ಯಾರೂ ಹೇಳದೆ,
ಎಣ್ಣೆ ತುಂಬು.
ಗಡಿಯಾರ ಇದೆ. ಕೀಲಿ ಒತ್ತಿದರಷ್ಟೇ ಕಾಣುತ್ತದೆ.

ಅವಳು ಒತ್ತಲಿಲ್ಲ.
ಇಲ್ಲಿ ಕೂತ ನಾನು
ಹೆಬ್ಬೆರಳನ್ನು ಮೊಣಕಾಲಿಗೆ ಒತ್ತಿಕೊಂಡೆ.
ಮೂರು ಸಲ ದೋಣಿ ನಡುನೀರಿನಲ್ಲಿ ನಿಂತಿತು.

"ಏನು ಮಾಡಬೇಕಿತ್ತು, ಪುಟ್ಟಿ?" ಡಾಕ್ಟರಮ್ಮ ಕೇಳಿದರು.
"ಎರಡು ನಿಮಿಷಕ್ಕೊಮ್ಮೆ ಎಣ್ಣೆ."
ತಡವರಿಸಲಿಲ್ಲ, ಮಗ್ಗಿ ಒಪ್ಪಿಸಿದ ಹಾಗೆ.
ಗೊತ್ತಿತ್ತು. ಗೊತ್ತಿದ್ದದ್ದು
ಹೊತ್ತಿಗೆ ಬಂದು ಕದ ತಟ್ಟಲಿಲ್ಲ, ಅಷ್ಟೆ.

ನನಗೂ ಇದೇ ಹೆಸರಿಟ್ಟರು, ನಲವತ್ತೊಂದರಲ್ಲಿ.
ಅದಕ್ಕೆ ಮುಂಚೆ ಬೇರೆ ಹೆಸರುಗಳಿದ್ದವು:
ಸೋಮಾರಿ, ಗಾಳಿತಲೆ,
ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದವನು.
ಅಮ್ಮ ಕರವಸ್ತ್ರದ ತುದಿಗೆ ಗಂಟು ಹಾಕಿ ಕಳಿಸುತ್ತಿದ್ದಳು.
ಬೇಕರಿಯಲ್ಲಿ ನಿಂತು ಗಂಟನ್ನೇ ನೋಡುತ್ತಿದ್ದೆ,
ಎಷ್ಟು ಚೆಂದದ ಗಂಟು!
ಯಾತಕ್ಕೆ?
ಬರಿಗೈಯಲ್ಲಿ ಮನೆ ಸೇರಿ, ಅವಳ ಮುಖ ಕಂಡದ್ದೇ, ಯೀಸ್ಟು.
ನೆನಪು ಬಾರದೆ ಇರುತ್ತಿರಲಿಲ್ಲ, ಬರುತ್ತಿತ್ತು,
ಬಸ್ಸು ಹೋದಮೇಲೆ ಓಡೋಡಿ ಬರುವ ನೆಂಟನ ಹಾಗೆ,
ಏದುಸಿರು, ನಗು, ಕೈತುಂಬ ಹೂವು.

ಇವತ್ತು ಈ ಕೋಟಿನಲ್ಲಿ ತಂಗಿ ಹಿಸ್ಕೆಗೆ ಬರೆದ ಕಾಗದ,
ಮೂರು ವಾರದ್ದು. ಮಡಿಕೆ ಬಟ್ಟೆಯಷ್ಟು ಮೆತ್ತಗಾಗಿದೆ.
ಇಲ್ಲಿ ಅಂಚೆಪೆಟ್ಟಿಗೆಗಳೆಲ್ಲ ಕಿತ್ತಳೆ, ಕಣ್ಣಿಗೆ ಹೊಡೆಯುವಂಥ ಕಿತ್ತಳೆ.
ದಿನಾ ನಾಲ್ಕು ದಾಟುತ್ತೇನೆ.

ಸೈಕಲ್ಲಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೊರಟೆ.
"ಅಪ್ಪಾ, ನಾನು ಫೇಲಾ?"
ಎದುರುಗಾಳಿ. ಕೇಳಿಸದವನಂತೆ ತುಳಿದೆ.
ಆಮೇಲೆ, "ದೋಣಿ ನಿಂತಾಗ ಏನು ಮಾಡ್ತಿದ್ದೆ?"
"ದಡದಲ್ಲಿ ಒಂದು ಕೊಕ್ಕರೆ ಇತ್ತು.
ಯಾರೂ ನೋಡದಾಗ ಕಾಲು ಬದಲಾಯಿಸ್ತಿತ್ತು.
ಏಳು ಸಲ. ಎಣಿಸಿದೆ."

ಕೊಕ್ಕರೆಯ ಮಾತಿನಲ್ಲೇ ಕಾಲುವೆ ಮುಗಿಯಿತು,
ಮೊದಲ ಕಿತ್ತಳೆ ಹೋಯಿತು, ಎರಡನೆಯದೂ.
ಮನೆಯ ತಿರುವಿನಲ್ಲಿ ಕಿರುಚಿದಳು:
"ಎಣ್ಣೆ!"

ಬ್ರೇಕು ಹಾಕಿ, ಕಾಲು ನೆಲಕ್ಕೂರಿ ನಿಂತೆ.
ಯಾವ ಎಣ್ಣೆ, ಯಾರ ದೋಣಿ,
ಸುಮ್ಮನೆ ಜೇಬಿಗೆ ಹೋದ ಕೈಗೆ
ಕಾಗದ ಸಿಕ್ಕಿತು.
ಸೈಕಲ್ಲು ತಿರುಗಿಸಿದೆವು. ಈಗ ಗಾಳಿ ಬೆನ್ನಿಗೆ.

ಸ್ಟಾಂಪು ಹಚ್ಚಿದ್ದೆನೋ, ಇಲ್ಲವೋ.